ಊರ ಹೆಸರಿನ ಆಟ ಮತ್ತು ಗಡಿಶಾಲೆಯ ಕನ್ನಡ



ಮಳೆ ಬಂದು ಮೈದಾನ ಕೆಸರಾದ ದಿನ, ಅಥವಾ ಬಿಸಿಲೇರಿ ಹೊರಗೆ ಕಾಲಿಡಲಾಗದ ಮಧ್ಯಾಹ್ನ, ಮಕ್ಕಳು ತರಗತಿಯ ಮೂಲೆಯಲ್ಲಿ ಗುಂಪುಗೂಡಿ ಆಡುವ ಆಟವೊಂದುಂಟು. ಹಾಳೆಯ ಮೇಲೆ ಗೆರೆ ಎಳೆದು ‘ಹೆಸರು, ಊರು, ಪ್ರಾಣಿ, ವಸ್ತು’ ಎಂದು ನಾಲ್ಕು ಮನೆಗಳನ್ನು ಮಾಡುತ್ತಾರೆ. ಒಬ್ಬರು ಮನಸ್ಸಿನಲ್ಲಿಯೇ ಅಕ್ಷರಗಳನ್ನು ಕ್ರಮವಾಗಿ ಹೇಳಿಕೊಳ್ಳುತ್ತ ಹೋಗುತ್ತಾರೆ. ಇನ್ನೊಬ್ಬರು ‘ನಿಲ್ಲು’ ಎಂದಾಗ ಯಾವ ಅಕ್ಷರ ಬಂದಿತ್ತೋ ಅದರಿಂದ ಮೊದಲಾಗುವ ಪದಗಳನ್ನು ಎಲ್ಲರೂ ಬರೆಯಬೇಕು. ಹಾಳೆ, ಪೆನ್ಸಿಲು ಇಲ್ಲದಿದ್ದರೆ ಊರಿನ ಮನೆಯೊಂದನ್ನೇ ಉಳಿಸಿಕೊಂಡು ಬಾಯಿಂದಲೇ ಆಡುತ್ತಾರೆ. ಒಬ್ಬಳು ‘ಅ’ಕಾರದ ಊರನ್ನು ಹೇಳಿದರೆ ಪಕ್ಕದವನು ‘ಆ’ಕಾರದ ಊರನ್ನು ಹೇಳಬೇಕು, ಹೇಳಲಾರದವನು ಆಟದಿಂದ ಹೊರಗೆ. ಖರ್ಚಿಲ್ಲದ, ಸಲಕರಣೆ ಬೇಡದ, ಎಷ್ಟು ಮಂದಿಯಾದರೂ ಸೇರಬಹುದಾದ ಆಟವಿದು. ಇದು ಭಾಷಾಬೋಧನೆಗೆ ಹೇಗೆ ಒದಗುತ್ತದೆ, ಅದರಲ್ಲಿಯೂ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಕನ್ನಡ ಮಾಧ್ಯಮದ ತರಗತಿಗೆ ವಿಶೇಷವಾಗಿ ಏಕೆ ಒದಗುತ್ತದೆ ಎಂಬುದು ಈ ಉಪನ್ಯಾಸದ ವಿಷಯ.

ಮೊದಲು ಈ ಭಾಗದ ಕನ್ನಡ ಮಗುವಿನ ಸ್ಥಿತಿಯನ್ನು ನೋಡಬೇಕು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕನ್ನಡ-ತೆಲುಗು ಎರಡೂ, ಸಂತೆಯಲ್ಲಿ ಅದಕ್ಕೆ ಉರ್ದು ಬೆರೆತ ಮಾತು. ಬಸ್ಸಿನ ಹಣೆಯ ಮೇಲೆ, ಪಂಚಾಯಿತಿಯ ಗೋಡೆಯ ಮೇಲೆ, ಅಂಗಡಿಯ ಫಲಕದ ಮೇಲೆ ಊರಿನ ಹೆಸರು ತೆಲುಗು ಲಿಪಿಯಲ್ಲಿರುತ್ತದೆ. ಪಾಠದ ಪುಸ್ತಕ ಬಿಚ್ಚಿದರೆ ಮಾತ್ರ ಕನ್ನಡ ಅಕ್ಷರ. ಹೀಗಾಗಿ ಕನ್ನಡ ಲಿಪಿಯೆಂದರೆ ದೂರದ ಊರುಗಳನ್ನು ಬರೆಯುವುದಕ್ಕೆ ಇರುವಂಥದು, ತನ್ನ ಊರಿಗೆ ಸಲ್ಲದ್ದು ಎಂಬ ಭಾವನೆ ಮಗುವಿನಲ್ಲಿ ಸದ್ದಿಲ್ಲದೆ ಬೇರೂರಬಹುದು. ‘ಮೈಸೂರು’ ಎಂದು ತಪ್ಪಿಲ್ಲದೆ ಬರೆಯುವ ಮಗು ‘ದಾಮರಗಿದ್ದ’ ಎಂದು ಬರೆಯಬೇಕಾದಾಗ ಅಳುಕಿದರೆ ಅದನ್ನು ಕಾಗುಣಿತದ ದೋಷವೆಂದು ತಿದ್ದಿ ಮುಂದೆ ಸಾಗುವಂತಿಲ್ಲ. ತನ್ನ ಊರನ್ನು ಬರೆಯಲಾಗದ ಭಾಷೆಯನ್ನು ಯಾವ ಮಗುವೂ ತನ್ನದೆಂದು ಬಹುಕಾಲ ನಂಬಲಾರದು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ಪಡೆಯಲು ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ ವಿಧಿ ಅದು. ಶಾಲೆ, ಪುಸ್ತಕ, ಶಿಕ್ಷಕ ಇವು ಆ ಸೌಲಭ್ಯದ ಅಂಗಗಳು. ಆದರೆ ಶಾಲೆಯೊಳಗೆ ಸಿಗುವ ಭಾಷೆ ಶಾಲೆಯ ಹೊರಗಿನ ಬದುಕನ್ನು ಮುಟ್ಟುವಂತೆ ಮಾಡುವ ಕೆಲಸ ಶಿಕ್ಷಕರಿಗೇ ಸೇರಿದ್ದು. ಊರ ಹೆಸರಿನ ಆಟ ಆ ಕೆಲಸಕ್ಕೆ ಸುಲಭದ ಬಾಗಿಲು.

ಇಂದು ಅನೇಕ ಕಡೆ ಮಕ್ಕಳು ಈ ಆಟವನ್ನು ಎ, ಬಿ, ಸಿ, ಡಿ ಕ್ರಮದಲ್ಲಿ ಆಡುತ್ತಾರೆ. ಅದನ್ನು ನಿಷೇಧಿಸಬೇಕಾದ್ದಿಲ್ಲ, ಒಮ್ಮೆ ಕನ್ನಡ ವರ್ಣಮಾಲೆಯ ಕ್ರಮದಲ್ಲಿಯೂ ಆಡಿಸಿದರೆ ಸಾಕು, ವ್ಯತ್ಯಾಸ ತಾನಾಗಿ ಎದ್ದು ಕಾಣುತ್ತದೆ. ಇಂಗ್ಲಿಷಿನ ‘ಡಿ’ ಎಂಬ ಒಂದೇ ಅಕ್ಷರದ ಕೆಳಗೆ ದಾಮರಗಿದ್ದ, ಧನ್ವಾಡ, ಧರೂರು ಮೂರೂ ಬಂದು ಕೂರುತ್ತವೆ. ಕನ್ನಡದಲ್ಲಿ ಮೊದಲನೆಯದು ‘ದ’ದ ಸಾಲಿಗೆ, ಉಳಿದೆರಡು ‘ಧ’ದ ಸಾಲಿಗೆ ಹೋಗಬೇಕು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಹೇಳಿದರೂ ನಿಲ್ಲದ ಮಗು, ಧನ್ವಾಡವನ್ನು ‘ದ’ದಲ್ಲಿ ಹೇಳಿ ಒಂದು ಸಲ ಅಂಕ ಕಳೆದುಕೊಂಡರೆ ಅದನ್ನು ಮರೆಯುವುದಿಲ್ಲ. ಹಾಗೆಯೇ ತಾಂಡೂರು ಮತ್ತು ಕೋಲಾರದ ಕಡೆಯ ಟೇಕಲ್ ಇಂಗ್ಲಿಷಿನಲ್ಲಿ ಒಂದೇ ಮನೆಯವು. ಕನ್ನಡದಲ್ಲಿ ದಂತ್ಯ, ಮೂರ್ಧನ್ಯವೆಂಬ ಬೇರೆ ಬೇರೆ ವರ್ಗದವು. ಎಮ್ಮಿಗನೂರನ್ನು ಇಂಗ್ಲಿಷಿನಲ್ಲಿ ಬರೆಯುವವರು ‘ವೈ’ಯಿಂದ ಮೊದಲು ಮಾಡುತ್ತಾರೆ, ಕನ್ನಡದ ಕಿವಿಗೆ ಅದು ‘ಎ’ಕಾರವೇ. ಬರೆಹವನ್ನು ಕಿವಿಯಿಂದ ಪರೀಕ್ಷಿಸುವ ಅಭ್ಯಾಸ ಹೀಗೆ ಮೊದಲಾಗುತ್ತದೆ.

ವರ್ಣಮಾಲೆಯ ಉದ್ದಕ್ಕೂ ಸುತ್ತಮುತ್ತಲಿನ ಊರುಗಳನ್ನು ಹೊಂದಿಸಿ ನೋಡಬಹುದು. ‘ಅ’ಕ್ಕೆ ಬಾದಾಮಿಯ ಚಾಲುಕ್ಯರು ನವಬ್ರಹ್ಮ ದೇವಾಲಯಗಳನ್ನು ಕಟ್ಟಿಸಿದ ಅಲಂಪುರ. ‘ಆ’ಕ್ಕೆ ಆತ್ಮಕೂರು, ‘ಇ’ಗೆ ಇಟಿಕ್ಯಾಲ, ‘ಉ’ಗೆ ಉಂಡವೆಲ್ಲಿ, ‘ಊ’ಗೆ ಊಟ್ಕೂರು. ವ್ಯಂಜನಗಳಿಗೆ ಬಂದರೆ ಕೃಷ್ಣಾ, ಕೋಸ್ಗಿ, ಗದ್ವಾಲ. ತಕಾರಕ್ಕೆ ಭೀಮಾ ನದಿಯು ಕೃಷ್ಣೆಯನ್ನು ಕೂಡುವ ತಂಗಿಡಿ. ನಕಾರಕ್ಕೆ ನಾರಾಯಣಪೇಟೆ, ನರ್ವ. ಮಕಾರಕ್ಕಂತೂ ಮಕ್ತಲ್, ಮಾಗನೂರು, ಮರಿಕಲ್, ಮದ್ದೂರು, ಮಲ್ದಕಲ್ ಎಂದು ಸಾಲೇ ಇದೆ. ‘ಈ’ಕಾರಕ್ಕೆ ತಮಿಳುನಾಡಿನ ಈರೋಡಿಗೆ ಹೋಗಬೇಕಾಗಬಹುದು; ‘ಔ’ಕಾರಕ್ಕೆ ಬೀದರ ಜಿಲ್ಲೆಯ ಔರಾದ ಒದಗುತ್ತದೆ. ಋಕಾರಕ್ಕೆ ಊರು ಸಿಗದಿದ್ದರೆ ಬಿಟ್ಟು ಮುಂದುವರಿಯಬಹುದೆಂದು ಮೊದಲೇ ನಿಯಮ ಮಾಡಿಕೊಳ್ಳಬೇಕು. ಙ, ಞ, ಣ, ಳ ಇವುಗಳಿಂದ ಊರ ಹೆಸರು ಏಕೆ ಮೊದಲಾಗುವುದಿಲ್ಲ ಎಂದು ಮಕ್ಕಳೇ ಕೇಳುತ್ತಾರೆ. ಕನ್ನಡದಲ್ಲಿ ಪದದ ಆದಿಯಲ್ಲಿ ಬಾರದ ಅಕ್ಷರಗಳಿವೆ ಎಂಬ ವ್ಯಾಕರಣದ ಮಾತು ಆ ಪ್ರಶ್ನೆಗೆ ಉತ್ತರವಾಗಿ ಬಂದಾಗ ಮನಸ್ಸಿಗೆ ಹತ್ತುತ್ತದೆ.

ಗದ್ವಾಲದ ಹತ್ತಿರದ ಐಜ ಎಂಬ ಊರು ಇಲ್ಲಿ ಒಳ್ಳೆಯ ಚರ್ಚೆಯನ್ನು ಎಬ್ಬಿಸುತ್ತದೆ. ಅದನ್ನು ‘ಅಯಿಜ’ ಎಂದು ಬರೆಯುವುದುಂಟು, ‘ಐಜ’ ಎಂದು ಬರೆಯುವುದೂ ಉಂಟು. ಮೊದಲನೆಯ ರೂಪ ‘ಅ’ದ ಮನೆಗೆ, ಎರಡನೆಯದು ‘ಐ’ದ ಮನೆಗೆ ಸೇರುತ್ತದೆ. ಎರಡನ್ನೂ ಬಾಯಿಬಿಟ್ಟು ಹೇಳಿ ನೋಡಿದರೆ ಧ್ವನಿಯಲ್ಲಿ ಭೇದ ತೀರ ಕಡಿಮೆ. ‘ಐ’ ಎಂಬುದು ‘ಅ’ ಮತ್ತು ‘ಇ’ ಕೂಡಿ ಆದ ಸಂಧ್ಯಕ್ಷರ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಗದ್ವಾಲದ ಶಿಕ್ಷಕರಿಗೆ ಬೇರೆಲ್ಲಿಯೂ ಸಿಗದು.

ಇನ್ನು ಅಂಕ ಕೊಡುವ ಕ್ರಮ. ಮಕ್ಕಳು ಸಾಮಾನ್ಯವಾಗಿ ಅನುಸರಿಸುವ ಪದ್ಧತಿಯಲ್ಲಿ, ಬೇರೆ ಯಾರೂ ಬರೆಯದ ಹೆಸರನ್ನು ಬರೆದವರಿಗೆ 10 ಅಂಕ. ಇಬ್ಬರು ಅಥವಾ ಹೆಚ್ಚು ಮಂದಿ ಅದೇ ಹೆಸರನ್ನು ಬರೆದಿದ್ದರೆ ಅವರಿಗೆ ತಲಾ 5. ಈ ಒಂದು ನಿಯಮವನ್ನು ಶಿಕ್ಷಕರು ಎಂದಿಗೂ ಬದಲಿಸಬಾರದು. ಮಕಾರಕ್ಕೆ ಅರ್ಧ ತರಗತಿ ‘ಮೈಸೂರು’ ಎಂದು ಬರೆದರೆ ಎಲ್ಲರಿಗೂ ಐದೇ. ಮೂಲೆಯಲ್ಲಿ ಕುಳಿತು ತನ್ನ ತಾಯಿಯ ತವರಾದ ಐವತ್ತು ಮನೆಗಳ ಹಳ್ಳಿಯನ್ನು ಬರೆದ ಹುಡುಗಿಗೆ ಹತ್ತು. ಮಹಾನಗರಕ್ಕಿಂತ ಕುಗ್ರಾಮಕ್ಕೆ ಬೆಲೆ ಹೆಚ್ಚಾಗುವ ಸ್ಥಳ ಲೋಕದಲ್ಲಿ ವಿರಳ. ಈ ಆಟ ಅಂಥದೊಂದು. ಪಾಠದ ಪುಸ್ತಕದಲ್ಲಿ ಇಲ್ಲದ, ಭೂಪಟದಲ್ಲಿ ಚುಕ್ಕೆಯೂ ಆಗದ ಊರು ಅಲ್ಲಿ ಗೆಲುವಿನ ಉತ್ತರವಾಗುತ್ತದೆ. ಆ ಹುಡುಗಿ ಅದನ್ನು ಕನ್ನಡ ಅಕ್ಷರಗಳಲ್ಲಿ ಬರೆದು ಗೆದ್ದಳೆಂಬುದು ತಿಂಗಳ ಕಾಗುಣಿತದ ಅಭ್ಯಾಸಕ್ಕಿಂತ ಹೆಚ್ಚಿನ ಫಲ ಕೊಡುತ್ತದೆ.

ಆದರೆ ಆಟವಿದ್ದಲ್ಲಿ ಜಗಳವಿದೆ. ಒಬ್ಬಳು ‘ನಾರಾಯಣಪೇಟೆ’ ಎಂದು ಬರೆಯುತ್ತಾಳೆ. ಮತ್ತೊಬ್ಬ ‘ನಾರಾಯಣಪೇಟ’ ಎಂದು ಬರೆದು, ಬಸ್ಸಿನ ಮೇಲೆ ಹಾಗೆಯೇ ಇದೆ, ಅವಳದು ತಪ್ಪು ಎನ್ನುತ್ತಾನೆ. ಇಲ್ಲಿ ಶಿಕ್ಷಕರ ತೀರ್ಪಿಗೆ ತೂಕವಿದೆ. ಅವಸರದಲ್ಲಿ ಒಂದನ್ನು ತಪ್ಪೆಂದರೆ ಒಂದು ಮಗುವಿನ ಮನೆಯ ಮಾತನ್ನೇ ತಪ್ಪೆಂದಂತಾಗುತ್ತದೆ. ಅದರ ಬದಲು ಇಬ್ಬರ ಉತ್ತರವನ್ನೂ ಹಲಗೆಯ ಮೇಲೆ ಬರೆದು ಪಕ್ಕದಲ್ಲಿ ಇನ್ನಷ್ಟು ಜೋಡಿಗಳನ್ನು ಕೇಳಬಹುದು. ಕನ್ನಡದ ಕೋಟೆ ತೆಲುಗಿನಲ್ಲಿ ಕೋಟ. ತಲೆ ಎಂಬುದು ತಲ. ಬಲೆ ಎಂಬುದು ವಲ. ಕನ್ನಡದಲ್ಲಿ ‘ಎ’ಕಾರದಿಂದ ಮುಗಿಯುವ ಎಷ್ಟೋ ಪದಗಳು ತೆಲುಗಿನಲ್ಲಿ ‘ಅ’ಕಾರದಿಂದ ಮುಗಿಯುತ್ತವೆ. ಪೇಟೆ, ಪೇಟ ಎಂಬುವು ಆ ಸಾಲಿಗೆ ಸೇರಿದ ಒಂದು ಜೋಡಿ. ಹತ್ತು ನಿಮಿಷದಲ್ಲಿ ಐದಾರು ಜೋಡಿಗಳು ಮಕ್ಕಳ ಬಾಯಿಂದಲೇ ಹೊರಡುತ್ತವೆ. ಎರಡು ಭಾಷೆಗಳ ನಡುವೆ ನಿಯಮಬದ್ಧವಾದ ಸಂಬಂಧವಿದೆ ಎಂದು ಮನೆಯ ಮಾತಿನಿಂದಲೇ ಕಂಡುಕೊಳ್ಳುವ ಈ ಅವಕಾಶ ಒಂದೇ ಭಾಷೆಯ ಊರಿನ ಮಕ್ಕಳಿಗೆ ಇಷ್ಟು ಸುಲಭವಾಗಿ ಒದಗುವುದಿಲ್ಲ. ಕೊನೆಗೆ ತೀರ್ಪು ಹೀಗಿರಲಿ: ಕನ್ನಡದಲ್ಲಿ ಬರೆಯುವಾಗ ನಾರಾಯಣಪೇಟೆ, ತೆಲುಗಿನಲ್ಲಿ ಬರೆಯುವಾಗ ನಾರಾಯಣಪೇಟ; ಆಟದಲ್ಲಿ ಇಬ್ಬರಿಗೂ ಅಂಕ, ಎರಡು ರೂಪಗಳನ್ನೂ ಹೇಳಬಲ್ಲವರಿಗೆ ಇನ್ನೆರಡು ಅಂಕ ಹೆಚ್ಚು.

ಇದೇ ಸಂದರ್ಭದಲ್ಲಿ ಒಂದು ಎಲ್ಲೆಯನ್ನೂ ತೋರಿಸಬೇಕು. ಹೆಸರನ್ನು ನಮ್ಮ ನಾಲಗೆಗೆ ಒಗ್ಗಿಸಿಕೊಳ್ಳುವುದು ಬೇರೆ, ಅನುವಾದಿಸುವುದು ಬೇರೆ. ತೆಲುಗಿನ ‘ಪಲ್ಲಿ’ಯೂ ಕನ್ನಡದ ‘ಹಳ್ಳಿ’ಯೂ ಒಂದೇ ಮೂಲದವು, ಹಳಗನ್ನಡದಲ್ಲಿ ಇದು ‘ಪಳ್ಳಿ’ಯೇ ಆಗಿತ್ತು. ಹಾಗೆಂದು ವಡ್ಡೇಪಲ್ಲಿಯನ್ನು ‘ವಡ್ಡೇಹಳ್ಳಿ’ ಎಂದು ಬರೆದರೆ ಅಂಚೆಯವನಿಗೂ ಆ ಊರು ಸಿಗದು. ಊರಿನವರು ತಮ್ಮ ಊರನ್ನು ಏನೆಂದು ಕರೆಯುತ್ತಾರೋ ಅದಕ್ಕೆ ಮೊದಲ ಮನ್ನಣೆ.

ಜಗಳದ ಎರಡನೆಯ ಕಾರಣ ಕಾಲ. ಅಜ್ಜನೊಡನೆ ಕುಳಿತು ಆಡಿದರೆ ಅವನು ‘ಗ’ಕಾರಕ್ಕೆ ಗುಲ್ಬರ್ಗಾ ಎನ್ನುತ್ತಾನೆ, ‘ಬ’ಕಾರಕ್ಕೆ ಬಿಜಾಪುರ ಎನ್ನುತ್ತಾನೆ. ಮೊಮ್ಮಗಳ ಪುಸ್ತಕದಲ್ಲಿ ಅವು ಕಲಬುರಗಿ, ವಿಜಯಪುರ; ಕಕಾರಕ್ಕೂ ವಕಾರಕ್ಕೂ ಹೋಗಬೇಕಾದವು. ಕರ್ನಾಟಕದ 12 ನಗರಗಳ ಹೆಸರಿನ ರೂಪ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ತೆಲಂಗಾಣದ ವರಂಗಲ್ ವಕಾರಕ್ಕೆ ಸೇರಿದರೆ ಅದರ ಹಳೆಯ ಹೆಸರಾದ ಓರುಗಲ್ಲು ಓಕಾರಕ್ಕೆ ಸೇರುತ್ತದೆ. ಹಳೆಯ ಹೆಸರು ಹೇಳಿದವರನ್ನು ಆಟದಿಂದ ಹೊರಹಾಕದೆ, ಹೆಸರು ಬದಲಾದ ಸಂಗತಿಯನ್ನು ಒಂದು ವಾಕ್ಯದಲ್ಲಿ ಹೇಳಿದರೆ ಅಂಕ ಕೊಡುವುದು ಉಚಿತ.

ಹೆಸರಿನಂತೆ ಜಿಲ್ಲೆಯೂ ಬದಲಾಗುತ್ತದೆ ಎಂಬುದನ್ನು ಗದ್ವಾಲದಷ್ಟು ಸ್ಪಷ್ಟವಾಗಿ ಹೇಳುವ ಊರುಗಳು ಕಡಿಮೆ. 1950ರ ದಶಕದ ಆರಂಭದಲ್ಲಿ ಗದ್ವಾಲದಲ್ಲಿ ಹುಟ್ಟಿ ಅಲ್ಲಿಯೇ ಬಾಳಿದ ಅಜ್ಜಿಯೊಬ್ಬಳನ್ನು ಭಾವಿಸೋಣ. ಅವಳು ಹುಟ್ಟಿದಾಗ ಗದ್ವಾಲ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯ ತಾಲ್ಲೂಕು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಗದ್ವಾಲ, ಅಲಂಪುರ ತಾಲ್ಲೂಕುಗಳು ಅದರಿಂದ ಬೇರ್ಪಟ್ಟು ಆಂಧ್ರಪ್ರದೇಶದಲ್ಲಿ ಉಳಿದವು. ಗದ್ವಾಲ ಮಹಬೂಬನಗರ ಜಿಲ್ಲೆಗೆ ಸೇರಿತು. 2014ರ ಜೂನ್ 2ರಂದು ತೆಲಂಗಾಣ ರಾಜ್ಯವಾಯಿತು. 2016ರ ಅಕ್ಟೋಬರ್ 11ರಂದು ಜೋಗುಳಾಂಬ ಗದ್ವಾಲ ಜಿಲ್ಲೆಯಾಯಿತು. ಮನೆಯ ಹೊಸಿಲು ಕದಲಿಸದೆ ಆ ಅಜ್ಜಿ ಮೂರು ರಾಜ್ಯಗಳಲ್ಲಿ, ಮೂರು ಜಿಲ್ಲೆಗಳಲ್ಲಿ ಬಾಳಿದಳು. ನಾರಾಯಣಪೇಟೆ, ಮಕ್ತಲ್ ಮಹಬೂಬನಗರ ಜಿಲ್ಲೆಯಲ್ಲಿದ್ದು 2019ರ ಫೆಬ್ರವರಿ 17ರಂದು ನಾರಾಯಣಪೇಟೆ ಜಿಲ್ಲೆಗೆ ಬಂದವು. ಅತ್ತ ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲ್ಲೂಕುಗಳೂ 1956ರಲ್ಲಿ ಇದೇ ರೀತಿ ಆಂಧ್ರಪ್ರದೇಶಕ್ಕೆ ಸೇರಿದ್ದವು. ‘ನಿಮ್ಮ ಊರು ಯಾವ ಜಿಲ್ಲೆ?’ ಎಂದು ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬಂದರೆ ಒಂದೇ ಊರಿಗೆ ಎರಡು ಮೂರು ಉತ್ತರಗಳು ಬರುತ್ತವೆ. ಎಲ್ಲವೂ ತಮ್ಮ ತಮ್ಮ ಕಾಲಕ್ಕೆ ಸರಿ. ಗಡಿ ಸರಿದದ್ದರಿಂದ ತಾವು ಇಲ್ಲಿ ಅಲ್ಪಸಂಖ್ಯಾತರಾದೆವು, ಎಲ್ಲಿಂದಲೋ ಬಂದವರಲ್ಲ ಎಂಬ ತಿಳಿವಳಿಕೆ ಹತ್ತು ವರ್ಷದ ಮಗುವಿಗೂ ಹೀಗೆ ಮುಟ್ಟುತ್ತದೆ.

ಆಟದ ಇನ್ನೊಂದು ಬಗೆ ಅಂತ್ಯಾಕ್ಷರಿ. ಒಂದು ಊರಿನ ಕೊನೆಯ ಅಕ್ಷರದಿಂದ ಮುಂದಿನ ಊರು ಮೊದಲಾಗಬೇಕು. ಮಕ್ತಲ್, ಲಿಂಗಸೂಗೂರು, ರಾಯದುರ್ಗ, ಗಂಗಾವತಿ, ತಾಂಡೂರು, ರಾಯಚೂರು. ಇಲ್ಲಿಗೆ ಬರುವಷ್ಟರಲ್ಲಿ ಆಟ ರಕಾರದಲ್ಲಿ ಸಿಕ್ಕಿಕೊಳ್ಳುತ್ತದೆ. ಆತ್ಮಕೂರು, ಊಟ್ಕೂರು, ಮಾಗನೂರು, ಮದ್ದೂರು, ಧರೂರು ಎಲ್ಲವೂ ‘ರು’ವಿನಿಂದಲೇ ಮುಗಿಯುತ್ತವೆ. ಕಾರಣವನ್ನು ಮಕ್ಕಳೇ ಹುಡುಕಲಿ: ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ‘ಊರು’ ಒಂದೇ ಪದ, ತಮಿಳಿನಲ್ಲಿ ‘ಊರ್’. ದಕ್ಷಿಣದ ಜನ ನೆಲೆಸಿದಲ್ಲೆಲ್ಲ ಆ ಪದವನ್ನು ಹೆಸರಿನ ತುದಿಗೆ ಕಟ್ಟಿದ್ದಾರೆ. ಸಿಕ್ಕನ್ನು ಬಿಡಿಸಲು ‘ರು’ ಬಂದಾಗ ಅದರ ಹಿಂದಿನ ಅಕ್ಷರವನ್ನು ಹಿಡಿಯಬೇಕೆಂದು ನಿಯಮ ಮಾಡಿಕೊಂಡರೆ ರಾಯಚೂರಿನ ಚಕಾರದಿಂದ ಚಿಂಚೋಳಿಗೆ ದಾರಿ ತೆರೆಯುತ್ತದೆ. ಅಲ್ಲಿ ಳಕಾರ ಎದುರಾಗುತ್ತದೆ. ಳಕಾರದಿಂದ ಊರಿಲ್ಲ, ಲಕಾರಕ್ಕೆ ಬಿಡಬೇಕು. ಬಿಡುವ ಮುನ್ನ ಹಳ್ಳಿಯ ‘ಳ್ಳಿ’ಯನ್ನೂ ಪಲ್ಲಿಯ ‘ಲ್ಲಿ’ಯನ್ನೂ ಪಕ್ಕಪಕ್ಕದಲ್ಲಿ ಉಚ್ಚರಿಸಿ ತೋರಿಸಲು ಇದಕ್ಕಿಂತ ತಕ್ಕ ಸಮಯವಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಳಕಾರದ ಭೇದಗಳನ್ನು ಅಷ್ಟು ಶ್ರದ್ಧೆಯಿಂದ ವಿಚಾರಿಸಿದ್ದಾನೆ, ಐದನೆಯ ತರಗತಿಯ ಮಗು ಆಡುತ್ತ ಅದೇ ಹೊಸಿಲಿಗೆ ಬಂದು ನಿಲ್ಲುತ್ತದೆ.

ಪ್ರತಿ ಉತ್ತರಕ್ಕೂ ‘ಆ ಊರು ಎಲ್ಲಿದೆ?’ ಎಂಬ ಮರುಪ್ರಶ್ನೆ ಇರಲಿ. ಮದ್ದೂರು ನಾರಾಯಣಪೇಟೆ ಜಿಲ್ಲೆಯಲ್ಲಿಯೂ ಇದೆ, ಮಂಡ್ಯ ಜಿಲ್ಲೆಯಲ್ಲಿಯೂ ಇದೆ. ನಾರಾಯಣಪೇಟೆ ಬೇರೆ, ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿರುವ ನಾರಾಯಣಪುರ ಬೇರೆ. ಅಲ್ಲಿಂದ ಹರಿದ ನೀರೇ ಗದ್ವಾಲದ ಬಳಿಯ ಜೂರಾಲ ಜಲಾಶಯಕ್ಕೆ ಬರುತ್ತದೆ ಎಂದು ಕೂಡಿಸಿದರೆ ಎರಡು ಹೆಸರುಗಳ ನಡುವೆ ಒಂದು ನದಿಯೇ ಕಾಣುತ್ತದೆ. ಯಾದಗಿರಿ ಜಿಲ್ಲೆಯ ಸೈದಾಪುರದ ರೈಲು ನಿಲ್ದಾಣಕ್ಕೆ ಬಹುಕಾಲ ‘ನಾರಾಯಣಪೇಟೆ ರೋಡ್’ ಎಂಬ ಹೆಸರಿತ್ತು. ನಾರಾಯಣಪೇಟೆಗೆ ಹೋಗುವವರು ಇಳಿಯುತ್ತಿದ್ದುದು ಅಲ್ಲಿ. ಊರು ಒಂದು ರಾಜ್ಯದಲ್ಲಿ, ಅದರ ಹೆಸರು ಹೊತ್ತ ನಿಲ್ದಾಣ ಮತ್ತೊಂದರಲ್ಲಿ ಇದ್ದುದನ್ನು ತಿಳಿದ ಮಗುವಿಗೆ ಗಡಿಯೆಂಬುದು ಜನರ ಓಡಾಟದ ನಡುವೆ ಹಾದುಹೋದ ಗೆರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹೆಸರಿನ ಅರ್ಥದ ವಿಚಾರದಲ್ಲಿ ಮಾತ್ರ ಸಂಯಮ ಬೇಕು. ಊಟ್ಕೂರು ಎಂದೊಡನೆ ಕನ್ನಡದ ಮಗು ಊಟವನ್ನು ನೆನೆದು ನಗುತ್ತದೆ. ತೆಲುಗಿನಲ್ಲಿ ‘ಊಟ’ವೆಂದರೆ ನೀರಿನ ಒರತೆ. ಇಬ್ಬರ ಊಹೆಯನ್ನೂ ಕೇಳಿ ಸಂತೋಷಪಡಬಹುದು, ತೀರ್ಪು ಕೊಡಬಾರದು. ಓರುಗಲ್ಲಿಗೆ ಏಕಶಿಲಾನಗರವೆಂಬ ಸಂಸ್ಕೃತದ ಹೆಸರೂ ಇರುವುದರಿಂದ ಅಲ್ಲಿನ ‘ಕಲ್ಲು’ ಸ್ಪಷ್ಟ. ಮರಿಕಲ್, ಮಲ್ದಕಲ್, ಗುರುಮಠಕಲ್ ಎಂಬಲ್ಲಿಯೂ ಕಲ್ಲು ಕಿವಿಗೆ ಬೀಳುತ್ತದೆ. ಆದರೆ ಕಿವಿಗೆ ಬಿದ್ದದ್ದೆಲ್ಲ ಇತಿಹಾಸವಾಗುವುದಿಲ್ಲ. ಶಾಸನ, ದಾಖಲೆ, ಊರ ಹಿರಿಯರ ಹೇಳಿಕೆ ಇವನ್ನು ಕೂಡಿಸಿ ನೋಡಬೇಕೆಂಬ ಮಾತನ್ನು ಸೇರಿಸಿದರೆ ಸಾಕು.

ಆಡಿಸುವ ಕ್ರಮದ ಬಗ್ಗೆ ಕೆಲವು ಸೂಚನೆಗಳು. ವಾರಕ್ಕೊಂದು ಸಲ, ಇಪ್ಪತ್ತು ನಿಮಿಷಕ್ಕೆ ಮೀರದಂತೆ ಆಡಿಸಬೇಕು. ಉತ್ತರ ತಿಳಿಯದ ಮಗುವನ್ನು ಹೊರಹಾಕದೆ ಬರೆದುಕೊಳ್ಳುವ ಕೆಲಸ ಕೊಡಬೇಕು. ನಿಧಾನವಾಗಿ ಕಲಿಯುವ ಮಗು ಹಾಗೆ ಎಲ್ಲರ ಹೆಸರುಗಳನ್ನೂ ಬರೆದು ಕಲಿಯುತ್ತದೆ. ಒಂದೇ ಆವರಣದಲ್ಲಿ ತೆಲುಗು ಮಾಧ್ಯಮದ ತರಗತಿಯೂ ಇದ್ದರೆ ತಂಡಗಳನ್ನು ಬೆರೆಸಿ ಮಾಡಬೇಕು. ಎರಡು ಭಾಷೆಗಳ ವರ್ಣಮಾಲೆಯ ಕ್ರಮ ಒಂದೇ, ಲಿಪಿಗಳು ಒಂದೇ ಬಳ್ಳಿಯ ಎರಡು ಕವಲು. ಆದುದರಿಂದ ಅ-ಆ-ಇ-ಈ ಎಂದು ಸಾಗುವಾಗ ಯಾರಿಗೂ ತೊಡಕಾಗದು. ಉತ್ತರಗಳನ್ನು ಎರಡು ಲಿಪಿಗಳಲ್ಲಿಯೂ ಬರೆಸಿದರೆ ಕನ್ನಡದ ಮಕ್ಕಳು ತೆಲುಗನ್ನೂ ತೆಲುಗಿನ ಮಕ್ಕಳು ಕನ್ನಡವನ್ನೂ ಓದಲು ತೊಡಗುತ್ತಾರೆ. ಕನ್ನಡ ಓದಬಲ್ಲೆನೆಂಬುದು ನೆರೆಯ ಗೆಳೆಯನ ಕಣ್ಣಿನಲ್ಲಿ ಒಂದು ಹೆಚ್ಚಿನ ಬಲವಾಗಿ ಕಂಡಾಗ ಆ ಮಗುವಿನ ಸಂಕೋಚ ಅರ್ಧ ಕಳೆಯುತ್ತದೆ.

ಪ್ರತಿ ಆಟದ ಕೊನೆಗೆ ಹೊಸದಾಗಿ ಬಂದ ಹೆಸರುಗಳನ್ನು ಉದ್ದನೆಯ ಹಾಳೆಯ ಮೇಲೆ ಅಕಾರಾದಿಯಾಗಿ ಸೇರಿಸುತ್ತ ಹೋಗಬೇಕು. ವರ್ಷದ ಕೊನೆಗೆ ಅದು ಆ ಶಾಲೆಯ ಮಕ್ಕಳು ತಮ್ಮ ಕೈಯಿಂದ ಕನ್ನಡದಲ್ಲಿ ಬರೆದ ಸೀಮೆಯ ಊರುಗಳ ಪಟ್ಟಿಯಾಗಿರುತ್ತದೆ. ಹತ್ತಿರದ ಹಳ್ಳಿಗಳಲ್ಲಿ ಯಾವುದಾದರೂ ಬಿಟ್ಟುಹೋಗಿದೆಯೇ ಎಂದು ಮುಂದಿನ ವರ್ಷದ ಮಕ್ಕಳು ಹುಡುಕುವರು. ಬಿಟ್ಟುಹೋದ ಆ ಹಳ್ಳಿಗೇ ಹತ್ತು ಅಂಕ.